ಗೋಳೆಂದು ಓದಿದ್ದರಲ್ಲಿ ಸಿಟ್ಟಿತ್ತು

ಠಾಣೆಯ ವರ್ತಕ ನಗರದಿಂದ ಹಿಡಿದು ಡೊಂಬಿವಲಿ, ಕಲ್ಯಾಣ, ಆಚೆ ವಾಶಿ, ನೆರೂಲ್‌ವರೆಗೆ ಕನ್ನಡ ಓದುವ ಹೆಂಗಸರನ್ನು ಮಾತಿಗೆಳೆದರೆ ಒಂದು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ‘ಎಂಥದ್ದೂ ಓದ್ಲಿಕ್ಕೆ ಆಗುದಿಲ್ಲ ಮಾರಾಯ್ತಿ, ನಾಲ್ಕು ಪುಟ ಆಗುವಾಗ ಮನಸ್ಸು ಎಲ್ಲಿಗೋ ಹೋಗ್ತದೆ.’ ಹೀಗೆ ಹೇಳುವವರು ಓದಿನ ರುಚಿ ಹತ್ತದವರಲ್ಲ. ಒಂದು ಕಾಲಕ್ಕೆ ಸುಧಾ, ತರಂಗದ ಧಾರಾವಾಹಿಗೆ ವಾರವಿಡೀ ಕಾದವರು. ಊರಿಂದ ಬರುವಾಗ ಮಿಡಿ ಉಪ್ಪಿನಕಾಯಿಯ ಭರಣಿಯ ಜೊತೆ ಎರಡು ಕಾದಂಬರಿಯನ್ನೂ ಕಟ್ಟಿಕೊಂಡು ಬಂದವರು. ಈಗ ಪುಸ್ತಕ ದಿಂಬಿನ ಪಕ್ಕದಲ್ಲೇ ಇರುತ್ತದೆ, ಓದು ಮಾತ್ರ ಮುಂದೆ ಹೋಗುವುದಿಲ್ಲ.

ಇಂಥವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಹಗುರವಾದದ್ದು, ಮನಸ್ಸಿಗೆ ಹಿತವಾದದ್ದು ಏನಾದರೂ ಓದಿ. ಈ ಮದ್ದು ನಾಟಿದ್ದನ್ನು ನಾನು ಕಂಡದ್ದು ಕಡಿಮೆ. ಬೆಳಗಿನ ಜಾವ ಎದ್ದು ಡಬ್ಬಿ ಕಟ್ಟಿ, ಠಾಣೆ ಸ್ಟೇಷನ್ನಿನಲ್ಲಿ ಲೇಡೀಸ್ ಡಬ್ಬದ ಬಾಗಿಲಲ್ಲಿ ಕಾಲೂರುವಷ್ಟು ಜಾಗ ಗಿಟ್ಟಿಸಿ, ಸಂಜೆ ಅದೇ ದಾರಿಯಲ್ಲಿ ಮರಳಿ ಬಂದು ಕುಕ್ಕರ್ ಇಡುವ ಹೆಂಗಸಿಗೆ, ಕೊನೆಯ ಅಧ್ಯಾಯದಲ್ಲಿ ಅತ್ತೆ ಬದಲಾಗಿ ಗಂಡ ಕ್ಷಮೆ ಕೇಳುವ ಕಥೆ ಕೊಟ್ಟರೆ ಅವಳ ಮನಸ್ಸು ಅದರಲ್ಲಿ ಏಕೆ ನಿಲ್ಲಬೇಕು? ಓದು ನಿಂತುಹೋಗುವುದು ದಣಿವಿನಿಂದ ಮಾತ್ರವಲ್ಲ. ಪುಸ್ತಕ ಹೇಳುತ್ತಿರುವುದರ ಮೇಲೆ ನಂಬಿಕೆ ಹೋದಾಗಲೂ ನಿಲ್ಲುತ್ತದೆ. ಆ ನಂಬಿಕೆಯನ್ನು ಮರಳಿ ತರುವ ಶಕ್ತಿ ಹೆಂಗಸರು ಸಿಟ್ಟಿನಿಂದ ಬರೆದ ಕಡುಗಪ್ಪು ಕಥೆಗಳಿಗೆ ಇದೆ. ಯಾರನ್ನೂ ಸಮಾಧಾನಪಡಿಸಲು ಹೊರಡದ ಕಥೆಯನ್ನು ಓದುವಾಗ, ಇವಳು ನನಗೆ ಸುಳ್ಳು ಹೇಳುತ್ತಿಲ್ಲ ಎಂಬ ಭರವಸೆ ಮೊದಲ ಪುಟದಲ್ಲೇ ಹುಟ್ಟುತ್ತದೆ. ಆಮೇಲೆ ಪುಟ ತಾನಾಗಿ ಮಗುಚುತ್ತದೆ.

ಹಾಗಾದರೆ ಕನ್ನಡದಲ್ಲಿ ಅಂಥದ್ದು ಎಲ್ಲಿದೆ? ‘ನಮ್ಮ ಲೇಖಕಿಯರು ಗೋಳು ಬರೆದರು, ಸಿಟ್ಟು ಬರೆಯಲಿಲ್ಲ, ಸಿಟ್ಟು ಬೇಕಿದ್ದರೆ ಇಂಗ್ಲಿಷಿಗೋ ಕೊರಿಯನ್ನಿನ ಅನುವಾದಕ್ಕೋ ಹೋಗಬೇಕು’ ಎಂಬ ಮಾತನ್ನು ಓದಿಕೊಂಡವರೇ ಆಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಸಿಟ್ಟು ಮೊದಲಿನಿಂದಲೂ ಇತ್ತು. ನಾವದನ್ನು ಕಣ್ಣೀರೆಂದು ಓದಿದೆವು. ನಮಗೆ ಓದಲು ಕಲಿಸಿದವರು, ಸಿನಿಮಾ ಮಾಡಿ ತೋರಿಸಿದವರು, ವಿಮರ್ಶೆ ಬರೆದವರು ಬಹುಮಟ್ಟಿಗೆ ಹಾಗೆಯೇ ತೋರಿಸಿದರು. ಹಳೆಯ ಪುಸ್ತಕವನ್ನೇ ಈ ಕಣ್ಣಿನಿಂದ ಮತ್ತೆ ತೆರೆದರೆ ಬೇರೊಂದು ಪುಸ್ತಕ ಎದುರಾಗುತ್ತದೆ.

ತ್ರಿವೇಣಿಯಿಂದಲೇ ಶುರುಮಾಡೋಣ, ಏಕೆಂದರೆ ಅವರಷ್ಟು ಜನಪ್ರಿಯರಾದವರೂ ಅವರಷ್ಟು ತಪ್ಪಾಗಿ ಓದಲ್ಪಟ್ಟವರೂ ಬೇರೆ ಇಲ್ಲ. ಮೈಸೂರಿನ ಅನಸೂಯಾ ಶಂಕರ್ ತ್ರಿವೇಣಿ ಎಂಬ ಹೆಸರಿನಲ್ಲಿ ಸುಮಾರು 20 ಕಾದಂಬರಿ ಬರೆದು, 1963ರ ಜುಲೈಯಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. 35 ತುಂಬಿರಲಿಲ್ಲ. ಅವರ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬಿದ್ದು, ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬರುತ್ತಾಳೆ. ಕಾದಂಬರಿಯ ಕತ್ತಲೆ ಶುರುವಾಗುವುದು ಕಾಯಿಲೆಯಲ್ಲಿ ಅಲ್ಲ, ಈ ಗುಣವಾದ ಘಟ್ಟದಲ್ಲಿ. ಅವಳು ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಿಟ್ಟು ಮಾಡಿದರಂತೂ ಕಾಯಿಲೆ ಮರುಕಳಿಸಿತೆಂದೇ ಲೆಕ್ಕ. ಗಂಡನ ಮನಸ್ಸು ಬೇರೆಡೆ ಹೋಗಿದೆ ಎಂಬ ನಿಜವನ್ನು ಅವಳು ಕಂಡರೂ ಅದನ್ನು ಹೇಳುವ ಹಕ್ಕು ಅವಳಿಗಿಲ್ಲ, ಏಕೆಂದರೆ ಹುಚ್ಚಿಯ ಮಾತಿಗೆ ಸಾಕ್ಷಿಯ ಬೆಲೆ ಇಲ್ಲ. ಕೊನೆಗೆ ಎಲ್ಲರೂ ಸೇರಿ ಅವಳನ್ನು ಮತ್ತೆ ಅದೇ ಕಾಯಿಲೆಗೆ ನೂಕುತ್ತಾರೆ. ಹೆಂಗಸಿನ ಕೋಪಕ್ಕೆ ಹುಚ್ಚು ಎಂದು ಹೆಸರಿಟ್ಟು ಸುಮ್ಮನಿರಿಸುವ ಇಡೀ ಏರ್ಪಾಡನ್ನು ಇಷ್ಟು ತಣ್ಣಗೆ ಬಿಚ್ಚಿಟ್ಟ ಕನ್ನಡ ಕಾದಂಬರಿ ಅದಕ್ಕೂ ಮೊದಲು ನನಗೆ ಕಾಣುವುದಿಲ್ಲ.

1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು. ಕಲ್ಪನಾ ಅವರ ಅಭಿನಯ ಮನೆಮಾತಾಯಿತು. ಜನ ಅತ್ತರು, ಮತ್ತೆ ಹೋಗಿ ನೋಡಿ ಮತ್ತೆ ಅತ್ತರು. ದೊಡ್ಡ ಸಿನಿಮಾ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಅಳು ಕಾದಂಬರಿಯ ಮೇಲೆ ಕುಳಿತುಬಿಟ್ಟಿತು. ಇವತ್ತಿಗೂ ‘ಶರಪಂಜರ’ ಎಂದರೆ ‘ಅಯ್ಯೋ ಪಾಪ ಕಾವೇರಿ’ ಎನ್ನುತ್ತೇವೆ. ಪಾಪ ಎಂದವರು ಕಾದಂಬರಿಯ ಆರೋಪದಿಂದ ಪಾರಾಗುತ್ತಾರೆ, ಆರೋಪ ಇರುವುದೇ ಹಾಗೆ ಪಾಪ ಎನ್ನುವ ಮನೆಯವರ ಮೇಲೆ.

ಹೊರಗಿನ ಬರಹಗಳ ಜೊತೆ ಇಟ್ಟು ನೋಡಿದರೆ ಈ ಕಾದಂಬರಿಯ ಎತ್ತರ ಇನ್ನೂ ತಿಳಿಯುತ್ತದೆ. ಅಮೆರಿಕದ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ‘ದಿ ಯೆಲ್ಲೋ ವಾಲ್‌ಪೇಪರ್’ ಪ್ರಕಟಿಸಿದರು. ಬಾಣಂತಿಯೊಬ್ಬಳನ್ನು ವೈದ್ಯನಾದ ಗಂಡನೇ ವಿಶ್ರಾಂತಿಯ ಹೆಸರಿನಲ್ಲಿ ಕೋಣೆಯಲ್ಲಿಟ್ಟು, ಬರೆಯಬೇಡ ಎಂದು ತಡೆದು, ಹುಚ್ಚಿಯನ್ನಾಗಿ ಮಾಡುವ ಕಥೆ. ಸಿಲ್ವಿಯಾ ಪ್ಲಾತ್ ಅವರ ‘ಬೆಲ್ ಜಾರ್’ ಲಂಡನ್ನಿನಲ್ಲಿ ಹೊರಬಂದದ್ದು 1963ರ ಜನವರಿಯಲ್ಲಿ; ಮರುತಿಂಗಳು ಆಕೆ ಪ್ರಾಣ ಕಳೆದುಕೊಂಡರು. ಅದೇ ವರ್ಷ ಮೈಸೂರಿನಲ್ಲಿ ತ್ರಿವೇಣಿ ಹೋದರು. ಪ್ಲಾತ್ ಅವರ ಕಾದಂಬರಿಯನ್ನು ಜಗತ್ತು ಹೆಂಗಸಿನ ಸಿಟ್ಟಿನ ದಾಖಲೆ ಎಂದು ಪಾಠ ಮಾಡುತ್ತದೆ. ತ್ರಿವೇಣಿಯವರದನ್ನು ನಾವು ಮನೆಮಂದಿಯ ಮಧ್ಯಾಹ್ನದ ಓದು ಎಂದು ಕಪಾಟಿನ ಕೆಳಗಿನ ಸಾಲಿಗೆ ಇಳಿಸಿದೆವು.

‘ಅಡುಗೆಮನೆ ಸಾಹಿತ್ಯ’ ಎಂಬ ಹಣೆಪಟ್ಟಿ ಹುಟ್ಟಿದ್ದು ಇದೇ ಮನಸ್ಸಿನಿಂದ. ನಮ್ಮ ಮುಂಬಯಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮುಂಬಯಿ ಕನ್ನಡ ಸಾಹಿತ್ಯ ಎಂದರೆ ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಎಂಬ ಹೆಸರುಗಳು ತಕ್ಷಣ ಬರುತ್ತವೆ, ಬರಬೇಕಾದ್ದೇ. ಚಿತ್ತಾಲರ ‘ಶಿಕಾರಿ’ (1979) ನಾನು ತುಂಬ ಗೌರವಿಸುವ ಕಾದಂಬರಿ. ಅದರ ನಾಗಪ್ಪ ಕಂಪನಿಯವರ ಸಂಚಿನಲ್ಲಿ ಸಿಕ್ಕು ಕನಲಿದಾಗ ಅದನ್ನು ಮನುಷ್ಯನ ಅಸ್ತಿತ್ವದ ಪ್ರಶ್ನೆ ಎಂದು ವಿಮರ್ಶೆ ಓದಿತು. ಮನೆಯವರ ಸಂಚಿನಲ್ಲಿ ಸಿಕ್ಕ ಕಾವೇರಿಯದು ಸಂಸಾರದ ತಾಪತ್ರಯವಾಯಿತು. ಇಬ್ಬರ ಮೇಲೂ ನಡೆಯುತ್ತಿರುವುದು ಬೇಟೆಯೇ.

ತಣ್ಣನೆಯ ಸಿಟ್ಟಿಗೆ ಇನ್ನೊಂದು ದೊಡ್ಡ ಉದಾಹರಣೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ತೀರ್ಥಹಳ್ಳಿ ಸೀಮೆಯ, ನೂರು ದಾಟಿ ಬದುಕಿದ ಬಾಲವಿಧವೆಯೊಬ್ಬಳ ನಿಜಬದುಕಿನಿಂದ ಹುಟ್ಟಿದ ಈ ಕಾದಂಬರಿಯನ್ನು ಪ್ರೇಮಾ ಕಾರಂತ 1983ರಲ್ಲಿ ತೆರೆಗೆ ತಂದರು. ಫಣಿಯಮ್ಮ ಎಲ್ಲಿಯೂ ದನಿ ಎತ್ತುವುದಿಲ್ಲ. ಹಾಗಾಗಿ ಅವಳನ್ನು ತ್ಯಾಗಮೂರ್ತಿ ಎಂದು ಕೈಮುಗಿಯುವುದು ಬಹಳ ಸುಲಭ. ಆದರೆ ಅವಳು ಮಾಡುವ ಕೆಲಸ ನೋಡಿ: ಮಡಿ ಹೆಂಗಸೆಂದು ಊರೇ ಪೂಜಿಸುತ್ತಿರುವಾಗ ರಾತ್ರಿ ಯಾರಿಗೂ ತಿಳಿಯದಂತೆ ಅಸ್ಪೃಶ್ಯರ ಮನೆಯ ಹೆರಿಗೆಗೆ ಹೋಗಿ ಬರುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ತನ್ನ ತಲೆಯ ಮೇಲೆ ನಡೆದದ್ದು ಇನ್ನೊಬ್ಬಳ ತಲೆಯ ಮೇಲೆ ನಡೆಯಕೂಡದು ಎಂಬ ನಿರ್ಧಾರಕ್ಕೆ ಬರಲು ಒಂದು ಆಯುಷ್ಯದ ಕೋಪ ಬೇಕು. ಲೇಖಕಿ ಆ ಕೋಪವನ್ನು ಮಾತಿನಲ್ಲಿ ಇಡಲಿಲ್ಲ, ಕೃತ್ಯದಲ್ಲಿ ಇಟ್ಟರು.

ಇನ್ನೂ ಹಿಂದಕ್ಕೆ ಹೋದರೆ ಕೊಡಗಿನ ಗೌರಮ್ಮ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ 27 ವರ್ಷ. ಅಷ್ಟರಲ್ಲಿ ಬರೆದ ಕಥೆಗಳು ವಿಧವೆಯರನ್ನು, ಮೋಸಹೋದವರನ್ನು, ಅವರ ಬಗ್ಗೆ ತೀರ್ಪು ಕೊಡುವ ಸಮಾಜವನ್ನು ಪ್ರಶ್ನಿಸುತ್ತವೆ, ‘ಅಪರಾಧಿ ಯಾರು?’ ಎಂಬ ಶೀರ್ಷಿಕೆಯಲ್ಲೇ ಆ ಪ್ರಶ್ನೆ ಇದೆ. ದೀಪಾ ಭಾಸ್ತಿ 2023ರಲ್ಲಿ ಇವುಗಳನ್ನು ಇಂಗ್ಲಿಷಿಗೆ ತಂದ ಮೇಲೆ ಕನ್ನಡಿಗರೂ ಹುಡುಕತೊಡಗಿದ್ದು ಸಂತೋಷದ ಸಂಗತಿ. 1950ರ ದಶಕದಲ್ಲಿ ‘ಸಂಗಮ’ದ ಕಥೆಗಳನ್ನು ಬರೆದು ಬೇಗನೆ ಬರವಣಿಗೆ ನಿಲ್ಲಿಸಿದ ರಾಜಲಕ್ಷ್ಮೀ ಎನ್. ರಾವ್ ಅವರನ್ನೂ ಇಲ್ಲಿ ನೆನೆಯಬೇಕು.

ಆದರೆ ನಿಜವಾದ ಬೇರು ಅಚ್ಚಿನ ಪುಸ್ತಕಕ್ಕಿಂತ ಹಳೆಯದು, ಅದು ಠಾಣೆಯ ತುಳುವರ ಮನೆಗಳಲ್ಲಿ ಇವತ್ತಿಗೂ ನೆನಪಿನಲ್ಲಿದೆ. ಸತ್ಯನಾಪುರದ ಸಿರಿಯ ಪಾಡ್ದನವನ್ನು ಕೇಳಿದವರಿಗೆ ಹೆಂಗಸಿನ ಸಿಟ್ಟಿನ ಕಥೆ ಹೊಸದಾಗಿ ತೋರುವುದಿಲ್ಲ. ಸೀಮಂತಕ್ಕೆ ಗಂಡ ಕಾಂತು ಪೂಂಜ ತಂದ ಸೀರೆ ಮೊದಲು ಸೂಳೆಯ ಮನೆಗೆ ಹೋಗಿ ಬಂದದ್ದೆಂದು ತಿಳಿದಾಗ ಸಿರಿ ಅದನ್ನು ಮುಟ್ಟುವುದಿಲ್ಲ. ಮುಂದೆ ನಾಲ್ಕು ಜನರ ಎದುರು ಗಂಡನನ್ನು ಬಿಡುತ್ತಾಳೆ, ಅವಳ ಶಾಪಕ್ಕೆ ಅರಮನೆ ಉರಿಯುತ್ತದೆ. ಮೊಮ್ಮಕ್ಕಳಾದ ಅಬ್ಬಗ–ದಾರಗರ ಕಾಲಕ್ಕೆ ಬಂದರೆ ಕಥೆ ಇನ್ನೂ ಕಪ್ಪಾಗುತ್ತದೆ: ಚೆನ್ನೆಯಾಟದ ಜಗಳದಲ್ಲಿ ಅಕ್ಕನ ಕೈಯಿಂದ ತಂಗಿ ಸಾಯುತ್ತಾಳೆ, ಅಕ್ಕ ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ ನಮ್ಮ ವಿದ್ವಾಂಸರ ಜೊತೆಗೂಡಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದು 15,683 ಸಾಲುಗಳಷ್ಟಿದೆ. ಸಿರಿ ಜಾತ್ರೆಯಲ್ಲಿ ಹೆಂಗಸರು ಆವೇಶ ಬಂದು ಸಿಂಗಾರ ಹಿಡಿದು ಮನೆಯಲ್ಲಿ ಆಡಲಾಗದ ಮಾತನ್ನು ಊರೆದುರು ಆಡುತ್ತಾರೆ. ಬಯಲುಸೀಮೆಯ ಹೆಂಗಸರು ಹಾಡಿಕೊಂಡು ಬಂದ ‘ಕೆರೆಗೆ ಹಾರ’ವನ್ನು ಇದರ ಪಕ್ಕದಲ್ಲಿಡಿ. ಸೊಸೆ ಭಾಗೀರಥಿಯನ್ನು ಕೆರೆಗೆ ಬಲಿಕೊಡುವ ಆ ಹಾಡನ್ನು ಶಾಲೆಯಲ್ಲಿ ತ್ಯಾಗದ ಕಥೆ ಎಂದು ಕಲಿಸಿದರು. ಅವಳು ತವರಿಗೆ ಹೋಗಿ, ಗೆಳತಿಯ ಮನೆಗೆ ಹೋಗಿ, ಎಲ್ಲರಿಂದ ಬರಿಗೈಯಲ್ಲಿ ಮರಳುವ ಭಾಗವನ್ನು ಹಾಡಿದ ಹೆಂಗಸರು ತ್ಯಾಗವನ್ನು ಹೊಗಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಅವರು ಹೆಸರು ಹಿಡಿದು ಎಲ್ಲರನ್ನೂ ದೂರುತ್ತಿದ್ದರು.

1968ರಲ್ಲಿ ಧಾರವಾಡದ ವೀಣಾ ಶಾಂತೇಶ್ವರ ‘ಮುಳ್ಳುಗಳು’ ತಂದಾಗ ಕನ್ನಡದ ಸಣ್ಣಕತೆಗೆ ದುಡಿಯುವ, ಒಂಟಿಯಾಗಿ ಬದುಕುವ, ಮೈಯ ಬಯಕೆಯ ಬಗ್ಗೆ ನಾಚದೆ ಯೋಚಿಸುವ ಹೆಂಗಸು ಬಂದಳು. ಅವರ ಕಾದಂಬರಿಯ ಹೆಸರೇ ‘ಗಂಡಸರು’. ಲೋಕಲ್ ಹಿಡಿದು ನೌಕರಿಗೆ ಹೋಗುವ ನಮ್ಮ ಕಡೆಯ ಓದುಗರಿಗೆ ವೀಣಾ ಅವರ ಕಥೆಗಳಷ್ಟು ಹತ್ತಿರವಾದದ್ದು ಇನ್ನೊಂದಿಲ್ಲ. ಇಲ್ಲಿನ ಕೋಪ ಹಳ್ಳಿಯ ಗೌಡನ ಮೇಲಲ್ಲ, ಸುಶಿಕ್ಷಿತ, ಸಭ್ಯ, ಪುಸ್ತಕ ಓದುವ ಗಂಡಸಿನ ಮೇಲೆ. ಡಾಕ್ಟರಾಗಿದ್ದ ಅನುಪಮಾ ನಿರಂಜನ ‘ಮಾಧವಿ’ಯಲ್ಲಿ ಮಹಾಭಾರತದ ಹೆಣ್ಣನ್ನು ಕರೆತಂದರು: ಗುರುದಕ್ಷಿಣೆಯ ಕುದುರೆಗಳಿಗಾಗಿ ಒಬ್ಬ ರಾಜನಿಂದ ಇನ್ನೊಬ್ಬ ರಾಜನಿಗೆ ಒಪ್ಪಿಸಲ್ಪಟ್ಟವಳು. ಕಲಬುರಗಿಯ ಗೀತಾ ನಾಗಭೂಷಣ ‘ಹಸಿಮಾಂಸ ಮತ್ತು ಹದ್ದುಗಳು’, ‘ಬದುಕು’ ಕಾದಂಬರಿಗಳಲ್ಲಿ ಬಡ, ಕೆಳಜಾತಿಯ ಹೆಂಗಸರ ಬಾಯಿಯನ್ನು ಅದರ ಬೈಗುಳದ ಸಮೇತ ತಂದರು. ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆ ಭಾಷೆ ಒರಟೆಂದು ಮೂಗು ಮುರಿದವರಿದ್ದರು. ನನಗೆ ಆ ಒರಟುತನದಲ್ಲೇ ಜೀವ ಕಾಣುತ್ತದೆ.

ವೈದೇಹಿಯವರ ವಿಷಯ ಬೇರೆ. ಅವರನ್ನು ಸೌಮ್ಯ ಲೇಖಕಿ ಎಂದು ಕರೆಯುವುದು ವಾಡಿಕೆ. ‘ಅಕ್ಕು’ ಕಥೆಯನ್ನು ಮತ್ತೆ ಓದಿ ನೋಡಿ. ಗಂಡ ಬಿಟ್ಟುಹೋದ, ಇಲ್ಲದ ಬಸಿರನ್ನೂ ಇಲ್ಲದ ಮಗುವನ್ನೂ ತನ್ನದೆಂದು ಹೇಳಿಕೊಂಡು ತಿರುಗುವ ಅಕ್ಕುವಿಗೆ ಮನೆಯವರು ಹುಚ್ಚಿ ಎಂದು ಹೆಸರಿಟ್ಟಿದ್ದಾರೆ. ಆ ಹೆಸರಿನ ಮರೆಯಲ್ಲಿ ನಿಂತೇ ಅವಳು ಆ ದೊಡ್ಡ ಮನೆಯ ಒಬ್ಬೊಬ್ಬರ ಗುಟ್ಟನ್ನೂ ಎಳೆದು ಹೊರಹಾಕುತ್ತಾಳೆ. ಕಾವೇರಿಯ ಬಾಯಿ ಮುಚ್ಚಿಸಿದ ಹಣೆಪಟ್ಟಿಯೇ ಅಕ್ಕುವಿನ ಕೈಯಲ್ಲಿ ಆಯುಧವಾಗಿದೆ. ಕುಂದಾಪುರದ ಮಾತಿನಲ್ಲಿ ನಡೆಯುವ ಈ ಕಥೆಯನ್ನು ಓದುವಾಗ ಮೊದಲು ನಗು ಬರುತ್ತದೆ, ಅರ್ಧದಲ್ಲಿ ಆ ನಗುವೇ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚಂಪಾ ಶೆಟ್ಟಿ 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಸಿನಿಮಾದಲ್ಲಿ ಇದನ್ನೂ ಇನ್ನೆರಡು ಕಥೆಗಳನ್ನೂ ಹೆಣೆದರು. ಓದು ಕೈಹಿಡಿಯದ ದಿನಗಳಲ್ಲಿ ಆ ಸಿನಿಮಾ ನೋಡಿ, ಆಮೇಲೆ ಕಥೆಗೆ ಬಂದವರನ್ನು ನಾನು ಬಲ್ಲೆ. ಅದು ಒಳ್ಳೆಯ ದಾರಿಯೇ.

ಕಾಸರಗೋಡಿನ ಚಂದ್ರಗಿರಿ ಹೊಳೆಯ ಬದಿಯಲ್ಲಿ ಹುಟ್ಟಿ ಬೆಳೆದ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾಯಿತು. ನಾದಿರಾಳ ತಂದೆ ತನ್ನ ಹಟಕ್ಕಾಗಿ ಅವಳಿಗೆ ತಲಾಖ್ ಕೊಡಿಸುತ್ತಾನೆ. ಗಂಡನನ್ನು ಮತ್ತೆ ಸೇರಬೇಕೆಂದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು ಎಂಬ ಶರತ್ತು ಎದುರಾದಾಗ ಅವಳು ಮಸೀದಿಯ ಕೆರೆಯಲ್ಲಿ ಪ್ರಾಣ ಬಿಡುತ್ತಾಳೆ. ಜಾಗ ಗಮನಿಸಿ. ಮನೆಯ ಬಾವಿ ಅಲ್ಲ, ಹೊಳೆ ಅಲ್ಲ, ಮಸೀದಿಯ ಕೆರೆ. ಆ ಹೆಣವನ್ನು ಯಾರ ಅಂಗಳದಲ್ಲಿ ಇಡಬೇಕೆಂದು ಲೇಖಕಿ ಯೋಚಿಸಿಯೇ ಇಟ್ಟಿದ್ದಾರೆ. 1985ರಲ್ಲಿ ಪುತ್ತೂರಿನ ಸಭೆಯೊಂದರಲ್ಲಿ ಅವರು ಮಾತಾಡದಂತೆ ತಡೆದವರಿಗೆ ಇದು ಅರ್ಥವಾಗಿತ್ತು; ಕಣ್ಣೀರಿನ ಕಾದಂಬರಿ ಎಂದು ಮೆಚ್ಚಿದವರಿಗೆ ಅಷ್ಟು ಅರ್ಥವಾಗಿರಲಿಲ್ಲ.

ಹಾಸನದ ಬಾನು ಮುಷ್ತಾಕ್ ಅವರನ್ನು ಈಗ ಪರಿಚಯಿಸಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಇದು ಮೊದಲನೆಯದು, ಸಣ್ಣಕತೆಗಳ ಸಂಕಲನಕ್ಕೂ ಮೊದಲನೆಯದು. ಆ 12 ಕಥೆಗಳು 1990ರಿಂದ 2023ರ ನಡುವೆ ಬರೆದವು. ಅಂದರೆ ಮೂರು ದಶಕ ಇವು ಕನ್ನಡದಲ್ಲೇ ನಮ್ಮ ಕೈಗೆಟುಕುವಲ್ಲಿದ್ದವು. ‘ಕರಿನಾಗರಗಳು’ ಕಥೆಯಲ್ಲಿ ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಕೈಬಿಟ್ಟವಳು ನ್ಯಾಯಕ್ಕಾಗಿ ಮಸೀದಿಯ ಮುಂದೆ ಕುಳಿತರೆ ಮುತವಲ್ಲಿ ತಿರುಗಿ ನೋಡುವುದಿಲ್ಲ. ಅವಳ ಕೂಸು ಸಾಯುತ್ತದೆ. ಆಮೇಲೆ ಆತ ಬೀದಿಯಲ್ಲಿ ನಡೆದರೆ ಬಾಗಿಲು ಬಾಗಿಲಿನಿಂದ ಹೆಂಗಸರ ಶಾಪ ಬೀಳುತ್ತದೆ. ಈ ಕಥೆಯಿಂದ ಗಿರೀಶ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಮಾಡಿದರು. ‘ಎದೆಯ ಹಣತೆ’ಯ ಮೆಹರುನ್ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಮಗಳು ಬಂದು ತಡೆಯುತ್ತಾಳೆ, ತಮ್ಮ ಬದುಕಿನಲ್ಲೂ ಅಂಥದ್ದೊಂದು ಗಳಿಗೆ ಬಂದಿತ್ತೆಂದು ಬಾನು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ‘ಒಮ್ಮೆ ಹೆಣ್ಣಾಗು ಪ್ರಭುವೇ!’ಯಲ್ಲಿ ಕೋಪ ಗಂಡ, ಮುತವಲ್ಲಿಗಳನ್ನು ದಾಟಿ ನೇರ ದೇವರ ಎದುರು ನಿಲ್ಲುತ್ತದೆ. ಅಷ್ಟು ದೂರ ಹೋಗುವ ಧೈರ್ಯ ನಮ್ಮ ಅಕ್ಕಮಹಾದೇವಿಯ ಕಾಲದಿಂದ ಇದ್ದದ್ದೇ. ಆದರೂ ಬೂಕರ್ ಬಂದ ಮೇಲೆ ಬಾನು ಅವರನ್ನು ಓದಿದವರು ‘ಮುಸ್ಲಿಂ ಹೆಂಗಸರ ಕಷ್ಟ’ ಎಂದು ಓದಿ ಪುಸ್ತಕ ಮಡಚಿದರೆ ಮತ್ತದೇ ಹಳೆಯ ಓದು. ‘ಶಾಯಿಸ್ತಾ ಮಹಲ್’ ಕಥೆಯಲ್ಲಿ ಹೆಂಡತಿಗೆ ಮಹಲು ಕಟ್ಟಿಸುವೆನೆಂದು ಪ್ರೀತಿಯ ಮಾತಾಡಿ, ಅವಳು ಸತ್ತ ಕೆಲವೇ ದಿನಗಳಲ್ಲಿ ಎಳೆಯ ಹುಡುಗಿಯನ್ನು ಮದುವೆಯಾಗುವವನನ್ನು ನಾವು ಎಲ್ಲ ಜಾತಿಯಲ್ಲೂ ಕಂಡಿದ್ದೇವೆ.

ಹೊಸಬರಲ್ಲಿ ಶಾಂತಿ ಕೆ. ಅಪ್ಪಣ್ಣ ಅವರ ‘ಮನಸು ಅಭಿಸಾರಿಕೆ’ಯನ್ನು (2017ರ ಯುವ ಪುರಸ್ಕಾರ) ತಪ್ಪದೆ ಓದಬೇಕು. ಮುಂಬಯಿಯಲ್ಲೇ ನೆಲೆಸಿ ಬರೆದ ಮಿತ್ರಾ ವೆಂಕಟ್ರಾಜ್ ಅವರ ‘ರುಕುಮಾಯಿ’, ‘ಹಕ್ಕಿ ಮತ್ತು ಅವಳು’, ‘ಮಾಯಕದ ಸತ್ಯ’ ಸಂಕಲನಗಳು, ‘ಪಾಚಿ ಕಟ್ಟಿದ ಪಾಗಾರ’ ಕಾದಂಬರಿ ನಮ್ಮದೇ ಮನೆಯ ಸೊತ್ತು. ಇವರನ್ನು ಚಿತ್ತಾಲ, ಬಲ್ಲಾಳರ ಸಾಲಿನಲ್ಲಿ ಸಹಜವಾಗಿ ಹೆಸರಿಸುವ ಅಭ್ಯಾಸ ನಮಗೆ ಇನ್ನೂ ಬಂದಿಲ್ಲ.

ವರ್ತಕ ನಗರದ ಓದುಗರಿಗೆ ಒಂದು ಅನುಕೂಲ ಇದೆ, ಅದು ಬೆಂಗಳೂರಿನವರಿಗೆ ಇಲ್ಲ. ನಮಗೆ ಮರಾಠಿ ಬರುತ್ತದೆ. ಮಾಲತಿಬಾಯಿ ಬೇಡೇಕರ್ 1933ರಲ್ಲಿ ವಿಭಾವರಿ ಶಿರೂರಕರ್ ಎಂಬ ಗುಪ್ತನಾಮದಲ್ಲಿ ‘ಕಳ್ಯಾಂಚೆ ನಿಃಶ್ವಾಸ’ ತಂದಾಗ ಎದ್ದ ಗದ್ದಲ ಎಷ್ಟೆಂದರೆ ಲೇಖಕಿ ಯಾರೆಂದು ಹುಡುಕುವುದೇ ಒಂದು ಬೇಟೆಯಾಗಿತ್ತು. ‘ಕಾಳಾ ಸೂರ್ಯ’ ಬರೆದ ಕಮಲ ದೇಸಾಯಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಯಮಕನಮರಡಿಯಲ್ಲಿ. ಮರಾಠಿಯಲ್ಲಿ ಅಷ್ಟು ಕಪ್ಪಾಗಿ, ಅಷ್ಟು ಒಂಟಿಯಾಗಿ ಬರೆದವರು ಕಡಿಮೆ. ಶಾಂತಾ ಗೋಖಲೆ ಅವರ ‘ರೀಟಾ ವೆಲಿಣಕರ’ ಮನಸ್ಸು ಕುಸಿದು ಆಸ್ಪತ್ರೆಯಲ್ಲಿ ಮಲಗಿದ ನೌಕರಿಯ ಹೆಂಗಸಿನ ಕಾದಂಬರಿ, ‘ಶರಪಂಜರ’ದ ಪಕ್ಕದಲ್ಲಿಟ್ಟು ಓದಬೇಕಾದದ್ದು. ಊರ್ಮಿಳಾ ಪವಾರ್ ಅವರ ಕಥೆಗಳು ಕೊಂಕಣದ ದಲಿತ ಹೆಂಗಸರ ಸಿಟ್ಟನ್ನು ಮುಂಬಯಿಯವರೆಗೆ ತರುತ್ತವೆ. ಇದೇ ಊರಿನಲ್ಲಿ ‘ಲಿಹಾಫ್’ನ ಇಸ್ಮತ್ ಚುಗ್ತಾಯಿ ಬಾಳಿದರು, 1942ರ ಆ ಕಥೆಗಾಗಿ ಲಾಹೋರಿನ ಕೋರ್ಟಿನ ಕಟಕಟೆ ಹತ್ತಿ ಗೆದ್ದು ಬಂದವರು. ತಮಿಳಿನ ಅಂಬೈ ಇಲ್ಲಿಯೇ ಇದ್ದಾರೆ, ಹೆಂಗಸರ ಬದುಕಿನ ದಾಖಲೆಗಾಗಿ 1988ರಲ್ಲಿ ‘ಸ್ಪ್ಯಾರೋ’ ಕಟ್ಟಿದವರು. ತಾಯಿ ಕೊಲೆ ಮಾಡಿದಳು ಎಂಬ ಅರ್ಥದ ಹೆಸರುಳ್ಳ ಅವರ ಕಥೆಯಲ್ಲಿ ಹರಿಯುವ ರಕ್ತ ಕೊಲೆಯದಲ್ಲ. ಮೈನೆರೆದ ಕಪ್ಪು ಹುಡುಗಿ ತಾಯಿಯ ಸಮಾಧಾನಕ್ಕಾಗಿ ಕಾದಿದ್ದಾಗ, ತಾಯಿ ಆಡುವ ಒಂದೇ ವಾಕ್ಯ ಮಗುವೊಂದನ್ನು ಮುಗಿಸುತ್ತದೆ. ಇನ್ನೂ ದೂರ ಹೋಗಬೇಕೆನ್ನುವವರಿಗೆ ಬಂಗಾಳಿಯ ಮಹಾಶ್ವೇತಾ ದೇವಿಯ ‘ದ್ರೌಪದಿ’ ಇದೆ. ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿ ಇಡೀ ಕುಟುಂಬದ ಹಿಂಸೆಯನ್ನು ಮೇಲೆಳೆದುಕೊಳ್ಳುವ ಹೆಣ್ಣನ್ನು ಕಟ್ಟಿಕೊಟ್ಟ ಕೊರಿಯಾದ ಹಾನ್ ಕಾಂಗ್ ಇದ್ದಾರೆ, 2024ರ ನೊಬೆಲ್ ಪಡೆದವರು.

ಸಿಟ್ಟು ಇದ್ದ ಮಾತ್ರಕ್ಕೆ ಕಥೆ ಒಳ್ಳೆಯದಾಗುವುದಿಲ್ಲ, ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1980ರ ದಶಕದ ಬಂಡಾಯದ ಬಿಸಿಯಲ್ಲಿ ಬಂದ ಎಷ್ಟೋ ಕಥೆಗಳು ಕೊನೆಗೆ ಭಾಷಣವಾದವು. ಗಂಡಸು ಪೂರ್ತಿ ರಾಕ್ಷಸ, ಹೆಂಗಸು ಪೂರ್ತಿ ದೇವತೆ. ಅವನ್ನು ಓದುವಾಗ ನಮ್ಮ ಸಿಟ್ಟು ಏರುವುದಿಲ್ಲ, ಆರುತ್ತದೆ. ಬಾನು ಅವರ ಕಥೆಗಳಲ್ಲೂ ಲೇಖಕಿಯೇ ಎದ್ದು ನಿಂತು ವಾದ ಹೂಡುವ ಜಾಗಗಳಿವೆ. ಅವರ ವಕೀಲಿಕೆ ಅಲ್ಲಿ ಕತೆಗಾರಿಕೆಯನ್ನು ಪಕ್ಕಕ್ಕೆ ಸರಿಸುತ್ತದೆ. ತ್ರಿವೇಣಿಯಲ್ಲಿ ಆ ಕಾಲದ ಕಾದಂಬರಿಯ ಮಾಧುರ್ಯ ಅಲ್ಲಲ್ಲಿ ಅತಿಯಾಗುತ್ತದೆ. ಇನ್ನೊಂದು ಎಚ್ಚರಿಕೆ ಹೆಚ್ಚು ಮುಖ್ಯವಾದದ್ದು. ಓದು ಹತ್ತುತ್ತಿಲ್ಲ ಎನ್ನುವುದು ಬೇರೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನಿಸುವುದು ಬೇರೆ. ಎರಡನೆಯದು ಕಾಯಿಲೆ, ಅದಕ್ಕೆ ಬೇಕಾದ್ದು ಡಾಕ್ಟರು, ಕಪ್ಪು ಕಥೆಯಲ್ಲ. ‘ಶರಪಂಜರ’ವನ್ನೂ ‘ಎದೆಯ ಹಣತೆ’ಯನ್ನೂ ಅಂಥ ದಿನಗಳಲ್ಲಿ ಯಾರ ಕೈಗೂ ಕೊಡಬಾರದು.

ಪುಸ್ತಕ ಸಿಗುವುದು ಹೇಗೆ ಎಂಬುದು ನಮ್ಮ ಕಡೆ ನಿಜವಾದ ಕಷ್ಟ. ಹಳೆಯ ಮ್ಹಾಡಾ ವಸತಿ ಕಟ್ಟಡಗಳು ಪುನರ್ನಿರ್ಮಾಣಕ್ಕೆ ಹೋಗುವಾಗ ಮನೆ ಖಾಲಿ ಮಾಡುವವರು ಮೊದಲು ರದ್ದಿಗೆ ಹಾಕುವುದು ಕನ್ನಡ ಪುಸ್ತಕಗಳನ್ನು. ಅಮ್ಮ ಓದುತ್ತಿದ್ದ ಇಂದಿರಾ, ತ್ರಿವೇಣಿ, ಅನುಪಮಾ ಹಾಗೆ ಕಿಲೋ ಲೆಕ್ಕದಲ್ಲಿ ಹೋಗುತ್ತಾರೆ. ಠಾಣೆಯಲ್ಲಿ ಮರಾಠಿಗರು 1893ರಲ್ಲೇ ಮರಾಠಿ ಗ್ರಂಥ ಸಂಗ್ರಹಾಲಯ ಕಟ್ಟಿ ಇವತ್ತಿಗೂ ನಡೆಸುತ್ತಿದ್ದಾರೆ. ನಮ್ಮ ಸಂಘಗಳು ಯಕ್ಷಗಾನ, ಅರಸಿನ ಕುಂಕುಮ, ಆಟಿಡೊಂಜಿ ದಿನಗಳನ್ನು ಚೆನ್ನಾಗಿ ಮಾಡುತ್ತವೆ. ಪುಸ್ತಕದ ಕಪಾಟಿಗೆ ಮಾತ್ರ ಬೀಗ ಬಿದ್ದಿರುತ್ತದೆ, ಬೀಗದ ಕೈ ಇರುವವರು ಬರುವ ಹೊತ್ತಿಗೆ ನಮ್ಮ ಗಾಡಿ ಹೋಗಿರುತ್ತದೆ. ಮಾತುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಕಲೀನಾದಲ್ಲಿರುವ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವೆ, ಠಾಣೆಯಿಂದ ಒಂದು ಸಂಜೆಯ ದಾರಿ. ಮೈಲ್ಯಾಂಗ್‌ನಂಥ ಆ್ಯಪಿನಲ್ಲಿ ಕನ್ನಡದ ಇ–ಪುಸ್ತಕ, ಕೇಳುಪುಸ್ತಕಗಳು ಸಿಗುತ್ತವೆ. ಗಾಡಿಯಲ್ಲಿ ಎರಡು ಕೈಯೂ ಮೇಲಿನ ಹಿಡಿಯಲ್ಲಿರುವವರಿಗೆ ಕೇಳುಪುಸ್ತಕವೇ ಸರಿ. ಮಹಿಳಾ ವಿಭಾಗಗಳು ತಿಂಗಳಿಗೊಂದು ಕಥೆ ಇಟ್ಟುಕೊಂಡು ಕೂತರೆ ಇದಕ್ಕಿಂತ ಹೆಚ್ಚಿನದಾಗುತ್ತದೆ, ಖರ್ಚೂ ಇಲ್ಲ.

ಯಾವುದರಿಂದ ಶುರುಮಾಡಬೇಕೆಂದು ಕೇಳುವವರಿಗೆ ನಾನು ಕಾದಂಬರಿ ಹೇಳುವುದಿಲ್ಲ. ಓದು ನಿಂತವರಿಗೆ ಸಣ್ಣಕತೆಯೇ ಸರಿ: ಮೊದಲು ‘ಅಕ್ಕು’, ಆಮೇಲೆ ‘ಕರಿನಾಗರಗಳು’, ಆಮೇಲೆ ವೀಣಾ ಶಾಂತೇಶ್ವರರ ಯಾವುದಾದರೂ ಒಂದು ಸಂಕಲನ. ಅಲ್ಲಿಂದ ‘ಫಣಿಯಮ್ಮ’. ‘ಶರಪಂಜರ’ ಕೊನೆಗೆ, ಸಿನಿಮಾದ ನೆನಪನ್ನು ಬದಿಗಿಟ್ಟು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಕನ್ನಡ, ತುಳು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅವರು ‘ಹಾರ್ಟ್ ಲ್ಯಾಂಪ್’ ಓದಿ ಬಂದು ಮೂಲದಲ್ಲಿ ಹೇಗಿದೆ ಎಂದು ಕೇಳುತ್ತಿದ್ದಾರೆ. ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಡೊಂಬಿವಲಿಯ ಫಾಸ್ಟ್ ಲೋಕಲಿನ ಹೆಂಗಸು, ಮೆಸ್ ನಡೆಸುವ ವಿಧವೆ, ರಾತ್ರಿ ಪಾಳಿಯ ಕುಂದಾಪುರದ ನರ್ಸು, ಮನೆ ರಿಡೆವಲಪ್‌ಮೆಂಟಿಗೆ ಹೋದಾಗ ಸಹಿ ಹಾಕುವ ಕಾಗದದಲ್ಲಿ ತನ್ನ ಹೆಸರೇ ಇಲ್ಲವೆಂದು ಕಂಡುಕೊಂಡ ಹೆಂಡತಿ, ಇವರ ಸಿಟ್ಟಿನ ಕಾದಂಬರಿ ಕನ್ನಡದಲ್ಲಿ ಬರುವುದಿದ್ದರೆ ಹಾಗೆ ಕೇಳಿಸಿಕೊಂಡ ಹುಡುಗಿಯರಲ್ಲಿ ಯಾರಾದರೂ ಅಕ್ಷರ ಕಲಿತು ಬರೆಯಬೇಕು.